ಕರ್ಬಲಾದಿಂದ ಬಂದ ಪೆನ್‌ಡ್ರೈವ್

ನಮ್ಮ ಓಣಿಯ ರೊಟ್ಟಿ ಅಂಗಡಿಯವನು ಫರಾಮರ್ಜ್ ನಾಖುದಾನನ್ನು ದೂರದಿಂದ ಕಂಡೊಡನೆ ಒಂದು ರೊಟ್ಟಿಯನ್ನು ಪಕ್ಕಕ್ಕೆ ತೆಗೆದಿಡುತ್ತಾನೆ. ಎಷ್ಟು ಬೇಕು ಎಂದು ಕೇಳುವುದಿಲ್ಲ. ನಮ್ಮ ಈ ಬಂದರು ಊರು ಬೂಶಹರಿನಲ್ಲಿ ಒಂದೇ ರೊಟ್ಟಿ ಕೊಂಡು ಮನೆಗೆ ಹೋಗುವ ಗಂಡಸು ಅಪರೂಪ. ಇಲ್ಲಿ ಒಬ್ಬರ ಮನೆಯಲ್ಲಿ ಕೆಮ್ಮಿದರೆ ಅಕ್ಕಪಕ್ಕದ ಮನೆಗಳಿಂದ ಕಷಾಯ ಬರುತ್ತದೆ. ಇಂಥ ಊರಿನಲ್ಲಿ ಒಂಟಿಯಾಗಿ ಬದುಕುವುದು ಸುಲಭವಲ್ಲ, ಅದನ್ನು ಕಷ್ಟಪಟ್ಟು ಸಂಪಾದಿಸಬೇಕು. ಫರಾಮರ್ಜ್ ಹೇಗೆ ಸಂಪಾದಿಸಿದ ಎನ್ನುವುದು ನನಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಂಥ ಬಾಯಿಬಡುಕನಿಗೆ ಎಂಥ ಶಿಕ್ಷೆ ಎಂದು ನನ್ನ ಹೆಂಡತಿಯನ್ನು ಕೇಳಿ. ಈಗ ಹೇಳಬಹುದು. ಕೇಳಿ ನೋಯಬೇಕಾದವರು ಮಣ್ಣಿನಡಿ ಮಲಗಿದ್ದಾರೆ.

ನಾನು ಖುದಾದಾದ್. ಸಮುದ್ರದ ಕಡೆಯ ಬೋಳುಗುಡ್ಡದ ಮೇಲಿನ ರೇಡಾರ್ ಠಾಣೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದೆ. ನನ್ನ ಕೋಣೆಯ ಪಕ್ಕದಲ್ಲೇ, ತೆಳ್ಳನೆಯ ಗೋಡೆಯ ಆಚೆ, ಫರಾಮರ್ಜನ ಕಂಪ್ಯೂಟರ್ ಕೋಣೆ. ರೇಡಾರ್ ಕಂಡದ್ದೆಲ್ಲ ಆ ಕಂಪ್ಯೂಟರುಗಳಲ್ಲಿ ದಾಖಲಾಗುತ್ತಿತ್ತು. ಅವುಗಳಿಂದ ಹೊರಗಿನ ಜಗತ್ತಿಗೆ ಒಂದು ಎಳೆ ತಂತಿಯೂ ಇರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಮಾತ್ರ ತಂತಿ, ಎಲ್ಲವೂ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಬೇಕು. ಅದಕ್ಕೆ ನಾವು ದ್ವೀಪ ಎನ್ನುತ್ತಿದ್ದೆವು. ಫರಾಮರ್ಜ್ ಆ ದ್ವೀಪದ ಕಾವಲುಗಾರ.

ಅವನಿಗೆ ಹೇಳಿ ಮಾಡಿಸಿದ ಕೆಲಸ ಅದು. ಅಪ್ಪ ಹಾಯಿಹಡಗಿನ ಒಡೆಯ, ಖರ್ಜೂರ ತುಂಬಿಕೊಂಡು ಹೋದವನು ಮರಳಿ ಬರಲಿಲ್ಲ. ತಾಯಿ ಹಾಸಿಗೆ ಹಿಡಿದಳು. ಅವಳ ಆರೈಕೆಯಲ್ಲಿ ಮದುವೆಯ ವಯಸ್ಸು ದಾಟಿತು, ಆಮೇಲೆ ಅವಳೂ ಹೋದಳು. ಫರಾಮರ್ಜ್ ಕಡಿಮೆ ಮಾತಾಡಿ ಮಾತಾಡಿ, ಆಡುವುದನ್ನೇ ಮರೆತವನ ಹಾಗಾಗಿದ್ದ. ನಾನು ಗೋಡೆಯ ಈಚೆಯಿಂದ ಅರ್ಧ ಗಂಟೆ ಹರಟಿದರೆ ಆಚೆಯಿಂದ "ಹೂಂ" ಎಂದು ಒಂದು ಸದ್ದು ಬರುತ್ತಿತ್ತು. ಅದು ನನಗೋ, ಕಂಪ್ಯೂಟರಿಗೋ ತಿಳಿಯುತ್ತಿರಲಿಲ್ಲ.

ಅವನ ಬಾಗಿಲ ಬಳಿ ಬೇರೆಯಾಗಿ ಒಂದು ಕಂಪ್ಯೂಟರ್ ಇತ್ತು. ಅದು ದ್ವೀಪಕ್ಕೆ ಸೇರಿದ್ದಲ್ಲ. ಹೊರಗಿನಿಂದ ಯಾವ ಡಿಸ್ಕ್ ಬಂದರೂ ಮೊದಲು ಅದರಲ್ಲಿ ಹಾಕಿ ಪರೀಕ್ಷಿಸಬೇಕು, ವೈರಸ್ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒಳಗೆ. ಇದಕ್ಕೆ ನಾವು ಸ್ನಾನ ಮಾಡಿಸುವುದು ಎನ್ನುತ್ತಿದ್ದೆವು. ಠಾಣೆಯ ದೊಡ್ಡ ಸಾಹೇಬರೇ ಒಮ್ಮೆ ಒಂದು ಡಿಸ್ಕ್ ಹಿಡಿದು ಅವಸರವಾಗಿ ಬಂದಾಗ ಫರಾಮರ್ಜ್ ಬಾಗಿಲಿಗೆ ಅಡ್ಡ ನಿಂತು, "ಸ್ನಾನ ಆಗ್ಲಿ ಸಾಹೇಬ್ರೇ" ಎಂದಿದ್ದ. ಸಾಹೇಬರು ಹಲ್ಲು ಕಡಿದುಕೊಂಡು ಕಾದರು. ಆ ಕಥೆಗೆ ಉಪ್ಪು ಖಾರ ಹಚ್ಚಿ ನಾನು ಗುಡ್ಡಕ್ಕೆಲ್ಲ ಹಂಚಿದ್ದೆ.

ಇಂಥವನ ಬಾಗಿಲು ಕೇಳದೆ ತೆರೆದುಕೊಳ್ಳುತ್ತಿದ್ದುದು ಒಬ್ಬರಿಗೆ ಮಾತ್ರ. ಅವರು ಅಡುಗೆಯ ಹೈಬತ್. ನಮಗೆಲ್ಲ ಅಮೂ ಹೈಬತ್, ಚಿಕ್ಕಪ್ಪನಿದ್ದ ಹಾಗೆ. ಗಿಡ್ಡ ಆಳು, ಗುಡಾಣದಂಥ ಹೊಟ್ಟೆ, ಬೈದರೆ ಗುಡ್ಡದ ತಪ್ಪಲಿಗೂ ಕೇಳಬೇಕು. ಡ್ಯೂಟಿ ಬಿಟ್ಟು ಫರಾಮರ್ಜ್ ಊಟದ ಮನೆಗೆ ಬರುವುದಿಲ್ಲವೆಂದು ಅವರೇ ದಿನಾ ಒಂದು ಅಲ್ಯೂಮಿನಿಯಂ ಬಟ್ಟಲಲ್ಲಿ ಅನ್ನ ಸಾರು ತರುತ್ತಿದ್ದರು. ಬಟ್ಟಲಿನ ಒಂದು ಹಿಡಿ ಮುರಿದಿತ್ತು. ಅಮೂ ತಾಮ್ರದ ತಂತಿ ಸುತ್ತಿ ಅದನ್ನು ಬಿಗಿದಿದ್ದರು.

"ಬಿಸಿ ಇದೆ, ಬಟ್ಟೆ ಹಿಡಿದುಕೋ" ಎನ್ನುವರು, ದಿನಾ ಅದೇ ಮಾತು. ಆಮೇಲೆ ಅವನು ತಿಂದು ಮುಗಿಸುವವರೆಗೆ ಎದುರಿಗೆ ಕೂತು ಸೈನ್ಯವನ್ನೂ, ಮೀನಿನ ಬೆಲೆಯನ್ನೂ, ನನ್ನನ್ನೂ ಬೈಯುವರು. ಆಗ ಗೋಡೆಯ ಆಚೆಯಿಂದ ಫರಾಮರ್ಜ್ ನಗುವ ಸದ್ದು ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಅಮೂ ಕರ್ಬಲಾಕ್ಕೆ ಹೋಗಿಬಂದರು. ಗಡಿಯಾಚೆ, ಕರ್ಬಲಾ ಇರುವ ದೇಶದಲ್ಲಿ ಯುದ್ಧದ ಬೂದಿ ಇನ್ನೂ ಆರಿರಲಿಲ್ಲ, ಪರದೇಶದ ಸೈನಿಕರು ಬೀದಿಬೀದಿಯಲ್ಲಿದ್ದರು. ಆದರೂ ನಮ್ಮ ಅರ್ಧ ಕರಾವಳಿ ಬಸ್ಸು ಹತ್ತಿ ಹೊರಟಿತ್ತು. ಜೀವಮಾನವಿಡೀ ಒಲೆಯ ಮುಂದೆ ನಿಂತ ಮನುಷ್ಯ ಒಮ್ಮೆ ಇಮಾಮ್ ಹುಸೇನರ ಹೊಸ್ತಿಲು ಮುಟ್ಟಿಬಂದರು. ಬಂದವರು ಬೇರೆಯೇ ಮನುಷ್ಯ, ಊರವರ ಬಾಯಲ್ಲಿ ಈಗ ಕರ್ಬಲಾಯಿ. ಬೈಗುಳ ಕಡಿಮೆಯಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಠಾಣೆಯವರಿಗೆಲ್ಲ ಜಪಮಾಲೆ, ನಮಾಜಿಗೆ ಹಣೆ ಇಡುವ ಮಣ್ಣಿನ ಬಿಲ್ಲೆ ಹಂಚಿದರು. ಯಾತ್ರೆಯಿಂದ ಬಂದವರು ಕೊಟ್ಟ ಪ್ರಸಾದ, ತಬರ್ರುಕ್, ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಎರಡೂ ಕೈ ಚಾಚಿ, ತುಟಿಗೆ ಮುಟ್ಟಿಸಿ, ಕಣ್ಣಿಗೊತ್ತಿಕೊಳ್ಳಬೇಕು.

ಫರಾಮರ್ಜ್‌ಗೆ ಮಾತ್ರ ಬೇರೆಯೇ ಒಂದನ್ನು ತಂದಿದ್ದರು. ಅವತ್ತು ನಾನೂ ಅವನ ಬಾಗಿಲಲ್ಲಿ ನಿಂತಿದ್ದೆ.

"ನೀನು ಮೆಷಿನ್ ಮನುಷ್ಯ. ನಿನಗೆ ಮಾಲೆ ಕೊಟ್ರೆ ಮೊಳೆಗೆ ನೇತು ಹಾಕ್ತೀಯ. ಅದಕ್ಕೇ ಇದು" ಎಂದು ಅಂಗಿಯ ಒಳಜೇಬಿನಿಂದ ಒಂದು ಹಸಿರು ಪೆನ್‌ಡ್ರೈವ್ ತೆಗೆದರು. ಅದರ ಮೇಲೆ ಚಿನ್ನದ ಬಣ್ಣದ ಗುಮ್ಮಟದ ಚಿತ್ರ. ದರ್ಗಾದ ಹತ್ತಿರದ ಬೀದಿಯಲ್ಲಿ ಕೊಂಡದ್ದಂತೆ, ತುಂಬ ಮೊಹರಂನ ಶೋಕದ ಪದಗಳಂತೆ. "ಅಂಗಡಿಯವನು ಅಲ್ಲೇ ಒಂದು ಹಾಕಿ ಕೇಳಿಸಿದ. ಬೀದೀಲೇ ನಿಂತು ಅತ್ತುಬಿಟ್ಟೆ ಕಣೋ."

ಫರಾಮರ್ಜ್ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆಮೇಲೆ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಕಂಪ್ಯೂಟರಿಗೆ ಹಾಕುವ ಯೋಚನೆಯೇ ಅವನಿಗಿರಲಿಲ್ಲ.

ಮೊಹರಂ ಬಂತು. ಹತ್ತನೆಯ ದಿನ ಆಶೂರಾ, ಇಮಾಮ್ ಹುಸೇನರು ಹತರಾದ ದಿನ. ನಮ್ಮವರು ಎಲ್ಲಿದ್ದರೂ ಊರಿಗೆ ಬಂದು ಡಮಾಮ್ ಡೋಲು ಬಾರಿಸಿ ಎದೆ ಬಡಿದುಕೊಳ್ಳುವ ದಿನ. ಅವತ್ತೇ ಗುಡ್ಡಕ್ಕೆ ಆಜ್ಞೆ ಬಂತು: ಸಮುದ್ರದಲ್ಲಿ ಯಾರದೋ ಹಡಗುಗಳು ಕಂಡಿವೆ, ಒಬ್ಬರೂ ಕೆಳಗಿಳಿಯುವಂತಿಲ್ಲ. ಎಲ್ಲರ ಮುಖ ಸಪ್ಪಗಾಯಿತು. ಊಟದ ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ ಪ್ಲೇಯರನ್ನಾದರೂ ಹಾಕೋಣವೆಂದರೆ ಅದರ ಹೊಟ್ಟೆಯೊಳಗೆ ಉಪ್ಪುಗಾಳಿ ಹೊಕ್ಕಿತ್ತು, ಗೊರಗೊರ ಎಂದು ನಿಂತೇ ಹೋಯಿತು.

ಬೆಳಗಿನ ಹೊತ್ತು, ಅಮೂ ಕರಿ ಅಂಗಿ ತೊಟ್ಟು ಫರಾಮರ್ಜನ ಕೋಣೆಗೆ ಬಂದರು. ಹಿಂದೆಯೇ ನಾನು.

"ಫರಾಮರ್ಜ್, ಮಗಾ, ಸೈರನ್ ಕೂಗಿಸೋ ಆ ದೊಡ್ಡ ಲೌಡ್‌ಸ್ಪೀಕರು ನಿನ್ನ ಮೆಷಿನ್ನಿಂದಲೇ ಅಲ್ವೇನೋ ನಡೆಯೋದು?"

"ಹೌದು ಅಮೂ."

"ಹಂಗಾದ್ರೆ ನನ್ನ ಪದ ಹಾಕು. ಹುಡುಗರು ಕಂಬಕ್ಕೆ ಒರಗಿ ಸಮುದ್ರ ನೋಡ್ತಾ ನಿಂತವ್ರೆ. ಆಶೂರಾ ದಿನ ಇಮಾಮರ ಹೆಸರು ಕಿವಿ ಮೇಲೆ ಬೀಳದೆ ಸೂರ್ಯ ಮುಳುಗಬೇಕಾ?"

ಫರಾಮರ್ಜ್ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಅವನು ನಿಧಾನಕ್ಕೆ ಖಾನೆ ತೆಗೆದು ಪೆನ್‌ಡ್ರೈವ್ ಹಿಡಿದು ಬಾಗಿಲ ಬಳಿಯ ಕಂಪ್ಯೂಟರಿನ ಕಡೆ ಹೆಜ್ಜೆ ಇಟ್ಟ.

"ಅಲ್ಲಿಗ್ಯಾಕೆ ಹೋಗ್ತೀಯ?" ಎಂದರು ಅಮೂ.

"ಮೊದಲು ಸ್ನಾನ ಅಮೂ. ಒಳಗೆ ಕೊಳೆ ಗಿಳೆ ಏನಾದ್ರೂ..."

ಅಮೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆತ್ತಗೆ, ಕೇಳಿಯೂ ಕೇಳದ ಹಾಗೆ, "ಇಮಾಮರ ಹೊಸ್ತಿಲಿಂದ ಬಂದದ್ದನ್ನ ತೊಳೀತೀಯೇನೋ?" ಎಂದರು.

ಫರಾಮರ್ಜನ ಕೈ ಅಲ್ಲೇ ನಿಂತಿತು. ದೊಡ್ಡ ಸಾಹೇಬರಿಗೆ ಅಡ್ಡ ನಿಂತ ಮನುಷ್ಯನವನು. ಆದರೆ ಅನ್ನ ತಂದುಕೊಡುವವರ ಎದುರು, ಅವರ ಯಾತ್ರೆಯನ್ನು ಅನುಮಾನಿಸಿದ ಹಾಗೆ ಹೇಗೆ ನಿಲ್ಲುವುದು? ನಮ್ಮ ಕರಾವಳಿಯಲ್ಲಿ ಯಾರು ತಾನೇ ನಿಲ್ಲುತ್ತಿದ್ದರು? ಅವನು ತಿರುಗಿ ಒಳಗೆ ಹೋದ. ದ್ವೀಪಕ್ಕೆ ಸ್ನಾನವಿಲ್ಲದೆ ಹೊಕ್ಕ ಮೊದಲನೆಯ ವಸ್ತು ಅದು.

ಲೌಡ್‌ಸ್ಪೀಕರಿನಲ್ಲಿ ಪದ ಎದ್ದಿತು. ಹುಡುಗರು ಸೀಮೆಎಣ್ಣೆ ಡಬ್ಬ ತಿರುವಿ ಡಮಾಮ್ ಮಾಡಿಕೊಂಡರು. ನಮ್ಮ ಕಡೆ ಗಂಡಸರು ಎದೆ ಬಡಿಯುವುದು ಸುತ್ತುಗಟ್ಟಿ ನಿಂತು. ಎಡಗೈ ಪಕ್ಕದವನ ಸೊಂಟದ ಪಟ್ಟಿ ಹಿಡಿಯಬೇಕು, ಬಲಗೈ ಎದೆಗೆ. ಪಟ್ಟಿ ಹಿಡಿದವನು ಬಿಡುವಂತಿಲ್ಲ, ಬಿಟ್ಟರೆ ಸುತ್ತು ಒಡೆಯುತ್ತದೆ. ಫರಾಮರ್ಜ್ ಕೋಣೆಗೆ ಬೀಗ ಹಾಕಿ ಬಂದು ಆಚೆ ನಿಂತು ನೋಡುತ್ತಿದ್ದ. ಅಮೂ ಹೋಗಿ ಕೈಹಿಡಿದು ಎಳೆತಂದು ತಮ್ಮ ಮತ್ತು ನನ್ನ ನಡುವೆ ನಿಲ್ಲಿಸಿದರು. ಅವನು ನನ್ನ ಪಟ್ಟಿ ಹಿಡಿದ. ಹಿಡಿತ ಎಷ್ಟು ಬಿಗಿ ಎಂದರೆ ಮರುದಿನ ನನ್ನ ಸೊಂಟ ಕೆಂಪಾಗಿತ್ತು. ಅವನ ಮುಖದ ಮೇಲೆ ನೀರು ಧಾರೆಯಾಗಿ ಹರಿಯುತ್ತಿತ್ತು. ಅಳು ಇಮಾಮರಿಗೋ, ತಾಯಿಗೋ, ಮರಳಿಬಾರದ ಹಡಗಿಗೋ, ಕೇಳುವವರಾರು. ಅಷ್ಟು ಜನರ ನಡುವೆ, ಎರಡೂ ಪಕ್ಕಕ್ಕೆ ಮನುಷ್ಯರಿದ್ದು, ಅವನು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದಿನಗಳು ಕಳೆದವು. ಒಂದು ಮಧ್ಯಾಹ್ನ ಗೋಡೆ ತಟ್ಟಿ, "ಖುದಾದಾದ್, ಸ್ವಲ್ಪ ಬಾ" ಎಂದ. ಅವನಾಗಿ ಕರೆದದ್ದು! ಓಡಿದೆ.

ಕೋಣೆಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಆದರೂ ತಂತಿಗಳು ಬಂದು ಸೇರುವ ಪೆಟ್ಟಿಗೆಯ ಮೇಲೆ ಒಂದು ಸಣ್ಣ ದೀಪ ಮಿನುಗಿ ಸುಮ್ಮನಾಗುತ್ತಿತ್ತು, ಮತ್ತೆ ಮಿನುಗುತ್ತಿತ್ತು.

"ಯಾರನ್ನೋ ಕರೀತಾ ಇದೆ" ಎಂದ ಫರಾಮರ್ಜ್.

"ಯಾವುದು?"

"ಒಳಗೆ ಬಂದು ಕೂತಿರೋದು. ವೈರಸ್. ಎಲ್ಲಾ ಕಂಪ್ಯೂಟರಿಗೂ ಹರಡಿಕೊಂಡಿದೆ. ಹೊರಗೆ ಎಲ್ಲೋ ಇರೋ ಒಂದು ವಿಳಾಸಕ್ಕೆ, ನಾನು ಬಂದೆ, ಇಲ್ಲಿದ್ದೀನಿ ಅಂತ ಕರೀತಾನೇ ಇದೆ. ಇಲ್ಲಿಂದ ಹೊರಗೆ ತಂತಿ ಇಲ್ಲ ಅಂತ ಅದಕ್ಕೆ ಗೊತ್ತಿಲ್ಲ."

"ನನ್ನ ಎಕ್ಸ್‌ಚೇಂಜಿಗೆ ಬಂದಿದ್ರೆ ಲೈನ್ ಕೊಟ್ಟುಬಿಡ್ತಿದ್ದೆ ಪಾಪ" ಎಂದೆ. ತಮಾಷೆಗೆ ಹೊತ್ತಲ್ಲ ಎಂದು ಹೇಳಿದ ಮೇಲೆ ತಿಳಿಯಿತು. ಅವನ ಮುಖ ಸುಣ್ಣದ ಹಾಗಿತ್ತು.

"ಆಶೂರಾ ದಿನದಿಂದ" ಎಂದ.

ನಾನು ಬಾಗಿಲು ಮುಚ್ಚಿದೆ. "ಸುಮ್ನಿರೋ. ಅದು ಕರೆದ್ರೆ ಕರೀಲಿ, ಕೇಳೋರು ಯಾರಿದ್ದಾರೆ? ನೀನೂ ಕಂಡಿಲ್ಲ, ನಾನೂ ಕಂಡಿಲ್ಲ."

"ನಾಳೆ ಜೀಪು ಬರುತ್ತೆ. ಇಲ್ಲಿಂದ ಡಿಸ್ಕ್ ಬೇರೆ ಠಾಣೆಗಳಿಗೆ ಹೋಗುತ್ತೆ. ಅದರ ಜೊತೆ ಇದೂ ಹೋಗುತ್ತೆ. ಅಲ್ಲಿ ಯಾವುದಾದರೂ ಒಂದು ಕಡೆ ಹೊರಗಿನ ತಂತಿ ಸಿಕ್ಕಿದ್ರೆ?"

ಅವನು ಎದ್ದು ಅಂಗಿಯ ಗುಂಡಿ ಸರಿಮಾಡಿಕೊಂಡ. ದೊಡ್ಡ ಸಾಹೇಬರ ಬಳಿಗೆ ತಾನೇ ಹೋಗಿ ಹೇಳುವವನಿದ್ದ. ಬಾಗಿಲಲ್ಲಿ ನಿಂತು ನನ್ನ ತೋಳು ಹಿಡಿದ.

"ಪೆನ್‌ಡ್ರೈವ್ ನಾನು ಬಜಾರಿನಲ್ಲಿ ಕೊಂಡದ್ದು. ಅಮೂ ಹೆಸರು ನಿನ್ನ ಬಾಯಲ್ಲಿ ಬರಬಾರದು."

"ತಲೆ ಕೆಟ್ಟಿದ್ಯಾ ನಿನಗೆ? ಕೊಟ್ಟವರು ಅವರು, ಹಾಕು ಅಂದವರು ಅವರು!"

"ಗಡಿ ದಾಟಿ ಹೋಗಿಬಂದವರು ಖುದಾದಾದ್. ಆಚೆ ಯಾರನ್ನ ಭೇಟಿ ಮಾಡಿದೆ, ಇದನ್ನ ನಿನ್ನ ಕೈಗೆ ಯಾರು ಕೊಟ್ಟು ಕಳಿಸಿದರು ಅಂತ ಕೇಳ್ತಾರೆ. ಉತ್ತರ ಸಿಗೋವರೆಗೂ ಬಿಡಲ್ಲ. ಆ ವಯಸ್ಸಿಗೆ ತಡ್ಕೊಳ್ತಾರಾ? ತಡ್ಕೊಂಡ್ರೂ..." ಇಲ್ಲಿ ಅವನ ದನಿ ಸಣ್ಣದಾಯಿತು. "ಜೀವಮಾನಕ್ಕೊಂದು ಸಲ ಹೋಗಿಬಂದಿದ್ದಾರೆ. ಅಲ್ಲಿಂದ ತಾವು ತಂದದ್ದು ಈ ವಿಷ ಅಂತ ಅವರಿಗೆ ಗೊತ್ತಾಗಬಾರದು."

ನಾನು ಖುರಾನಿನ ಮೇಲೆ ಆಣೆ ಮಾಡಲಿಲ್ಲ. ಆದರೆ ಅವನ ಕಣ್ಣು ನೋಡಿ ಹೂಂ ಎಂದೆ. ಜೀವನದಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಕೊಟ್ಟಿಲ್ಲ, ನನ್ನ ಮದುವೆಯನ್ನೂ ಸೇರಿಸಿ.

ರಾಜಧಾನಿಯಿಂದ ಇಬ್ಬರು ಬಂದರು. ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ಒಳಗಿದ್ದದ್ದನ್ನೆಲ್ಲ ಮೂಟೆ ಕಟ್ಟಿದರು. ರೇಡಾರಿನ ಹುಡುಗರು ಕಂಪ್ಯೂಟರ್ ಇಲ್ಲದೆ ತೆರೆಯ ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಕೂತರು. ಖಾಲಿಯಾದ ಕಂಪ್ಯೂಟರ್ ಕೋಣೆಯಲ್ಲೇ ಫರಾಮರ್ಜನ ವಿಚಾರಣೆ. ಗೋಡೆ ತೆಳ್ಳಗಿತ್ತು ಎಂದೆನಲ್ಲ. ಬಂದವರಲ್ಲಿ ಒಬ್ಬ ಮೇಜರ್, ಬೆಣ್ಣೆಯಂಥ ದನಿ.

"ಆಗಾ ಫರಾಮರ್ಜ್, ಚಹಾ ತಗೊಳ್ಳಿ. ಇದನ್ನ ಯಾರು ಕೊಟ್ಟರು?"

"ಯಾರೂ ಕೊಟ್ಟಿಲ್ಲ. ನಾನೇ ಕೊಂಡೆ. ಬಜಾರಿನಲ್ಲಿ, ಬೀದಿ ಬದಿಯವನ ಹತ್ತಿರ."

"ಅವನ ಮುಖ ಹೇಗಿತ್ತು?"

"ಬಿಸಿಲಲ್ಲಿ ಕೂತವನ ಮುಖ ಹೇಗಿರುತ್ತೋ ಹಾಗೆ."

"ಇದರ ಮೇಲೆ ಗುಮ್ಮಟದ ಚಿತ್ರ ಇದೆಯಲ್ಲ. ಕರ್ಬಲಾದ ಸಾಮಾನಿದ್ದ ಹಾಗಿದೆ."

ನಾನು ಕಿವಿಯ ಮೇಲಿದ್ದ ಫೋನು ಕೆಳಗಿಟ್ಟೆ. ಯಾರೋ ಆ ಲೈನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದರು.

"ಅಲ್ಲಿನ ಸಾಮಾನು ಇಲ್ಲೂ ಮಾರ್ತಾರೆ ಸಾಹೇಬ್ರೇ."

"ಇಷ್ಟು ವರ್ಷ ಯಾರನ್ನೂ ಒಳಗೆ ಬಿಡದವರು ಅವತ್ತೇ ಯಾಕೆ ಬಿಟ್ಟಿರಿ?"

ಚಹಾದ ಲೋಟ ಮೇಜಿನ ಮೇಲಿಟ್ಟ ಸದ್ದು ಬಂತು. ಆಮೇಲೆ, "ಅವತ್ತು ಆಶೂರಾ. ಎಲ್ಲರ ಜೊತೆ ನಿಂತು ಅಳಬೇಕು ಅನ್ನಿಸ್ತು" ಎಂದ. ಅವನು ಅಲ್ಲಿ ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು.

ತಾನೇ ಬಂದು ಒಪ್ಪಿಕೊಂಡವನು ಕೈಯಲ್ಲಿರುವಾಗ ಬೇರೆಯವರನ್ನು ಹುಡುಕುವ ಶ್ರಮ ಯಾರಿಗೆ ಬೇಕು. ಬೇಹುಗಾರನಲ್ಲ, ನಿಯಮ ಮುರಿದವನು ಎಂದು ಅವರೇ ತೀರ್ಮಾನಿಸಿದರು. ಅವನ ದರ್ಜೆ ಕಿತ್ತು, ಗುಡ್ಡದ ಕೆಳಗಿನ ಟೈರಿನ ಗೋದಾಮಿಗೆ ಕಾವಲು ಹಾಕಿದರು. ಏನಾಯಿತೆಂದು ಯಾರಿಗೂ ಬಿಡಿಸಿ ಹೇಳಲಿಲ್ಲ. ಕಂಪ್ಯೂಟರಿಗೆ ಕಾಯಿಲೆ ಬಂತು, ಫರಾಮರ್ಜನ ಅಜಾಗ್ರತೆ, ಇಷ್ಟೇ. ಅವನ ಜೊತೆ ಮಾತಾಡಿದವರ ಹೆಸರೂ ಮೇಲೆ ಹೋಗುತ್ತದೆ ಎಂದು ಯಾರೋ ಹಬ್ಬಿಸಿದರು. ನಿನ್ನೆಯವರೆಗೆ ಸಲಾಂ ಹೇಳುತ್ತಿದ್ದವರು ಗೋದಾಮಿನ ಮುಂದೆ ಹಾಯುವಾಗ ಬೂಟಿನ ದಾರ ನೋಡತೊಡಗಿದರು.

ಅಮೂ ನನ್ನ ಬಳಿ ಬಂದು, "ಮೆಷಿನ್‌ಗೆ ಎಂಥ ಕಾಯಿಲೆ ಬರುತ್ತೋ? ಅದೇನು ಉಣ್ಣುತ್ತಾ, ತಿನ್ನುತ್ತಾ?" ಎಂದು ಕೇಳಿದರು.

"ಧೂಳು ಅಮೂ. ಧೂಳು ಹೊಕ್ಕಿತಂತೆ" ಎಂದೆ.

"ಧೂಳಿಗೆ ಒಬ್ಬ ಮನುಷ್ಯನ್ನ ಟೈರು ಕಾಯೋಕೆ ಹಾಕ್ತಾರಾ? ಥೂ ಇವರ!" ಎಂದು ಉಗಿದು, ಯಾರ ಹೆದರಿಕೆಯೂ ಇಲ್ಲದೆ ಬಟ್ಟಲು ಹಿಡಿದು ಗುಡ್ಡ ಇಳಿಯತೊಡಗಿದರು. ಆ ಹೊಟ್ಟೆ, ಆ ಮಂಡಿನೋವು ಹೊತ್ತುಕೊಂಡು, ದಿನಾ.

ಆಶೂರಾದಿಂದ ನಲವತ್ತನೆಯ ದಿನದ ಶೋಕ ಬಂತು. ಅವತ್ತು ನಾನೂ ಅಮೂ ಜೊತೆ ಕೆಳಗೆ ಹೋದೆ. ಫರಾಮರ್ಜ್ ಟೈರಿನ ಮೇಲೆ ಕೂತಿದ್ದ. ಅಮೂ ಬಟ್ಟಲು ಕೊಟ್ಟು, "ಬಿಸಿ ಇದೆ, ಬಟ್ಟೆ ಹಿಡಿದುಕೋ" ಎಂದರು. ಆಮೇಲೆ, "ನನ್ನ ಪೆನ್‌ಡ್ರೈವ್ ಎಲ್ಲಿ? ಕೊಡು. ಊಟದ ಮನೆಗೆ ಹೊಸ ಪ್ಲೇಯರ್ ಬಂದಿದೆ, ಅದರಲ್ಲಿ ಪೆನ್‌ಡ್ರೈವೂ ಹಾಡುತ್ತಂತೆ. ಇವತ್ತು ಕೇಳೋಣ" ಎಂದರು.

ಪೆನ್‌ಡ್ರೈವ್ ಲಕೋಟೆಯೊಳಗೆ ಅರಗಿನ ಮೊಹರು ಹಾಕಿಸಿಕೊಂಡು ಮೇಜರನ ಪೆಟ್ಟಿಗೆಯಲ್ಲಿ ರಾಜಧಾನಿಗೆ ಹೋಗಿತ್ತು. ಹಾಗೆಂದು ಹೇಳಿದ್ದರೆ ಆಗುತ್ತಿದ್ದುದೇ ಬೇರೆ. ಅಮೂ ಸೌಟು ಹಿಡಿದುಕೊಂಡೇ ಸಾಹೇಬರ ಕೋಣೆಗೆ ನುಗ್ಗಿ, ಅದು ನಾನು ಕರ್ಬಲಾದಿಂದ ತಂದದ್ದು, ತಿರುಗಿ ಕೊಡಿ ಎಂದು ಕೂಗುತ್ತಿದ್ದರು. ಇದು ನನಗೂ ಗೊತ್ತು, ಅವನಿಗೂ ಗೊತ್ತು.

"ಕಳೆದುಹೋಯ್ತು ಅಮೂ" ಎಂದ ಫರಾಮರ್ಜ್, ಬಟ್ಟಲಿನಿಂದ ಕಣ್ಣೆತ್ತದೆ.

"ಏನು?"

"ಎಲ್ಲೋ ಬಿದ್ದುಹೋಯ್ತು. ಹುಡುಕಿದೆ. ಸಿಗಲಿಲ್ಲ."

ಅಮೂ ಬೈಯುತ್ತಾರೆಂದು ಕಾದೆ. ಅವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು, ಅಷ್ಟೇ. "ಎಲ್ಲರಿಗೂ ಮಣ್ಣಿನ ಬಿಲ್ಲೆ ತಂದೆ. ನಿನಗೆ ಅಂತ ಆ ಬೀದಿ ಪೂರ್ತಿ ಅಲೆದೆ" ಎಂದರು. "ಸೊಂಟದ ಪಟ್ಟಿಗೆ ಕಟ್ಟಿಕೊಂಡು ಗಡಿ ದಾಟಿಸಿದೆ. ನೀನು ಬೀಳಿಸಿಕೊಂಡೆ."

ಬಟ್ಟಲನ್ನು ಅವನ ಕೈಯಲ್ಲೇ ಬಿಟ್ಟು ತಿರುಗಿ ಗುಡ್ಡ ಹತ್ತಿದರು. ಮತ್ತೆ ಇಳಿಯಲಿಲ್ಲ. ಫರಾಮರ್ಜ್ ಆ ಅನ್ನವನ್ನು ತಿನ್ನದೆ ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದ. ನಾನು ಅವನನ್ನು ಬೈದೆ, ಸೈನ್ಯವನ್ನು ಬೈದೆ, ಸಿಗರೇಟಿಗೆ ಬೆಂಕಿ ಹತ್ತದಿದ್ದುದಕ್ಕೆ ಗಾಳಿಯನ್ನೂ ಬೈದೆ.

ಆಮೇಲೆ ಹೇಳುವಂಥದ್ದೇನೂ ಇಲ್ಲ. ಅವನನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದರು. ತಾಯಿಯ ಮನೆಯಲ್ಲಿ ಕೂತು ಓಣಿಯವರ ಫ್ಯಾನು, ರೇಡಿಯೋ ರಿಪೇರಿ ಮಾಡುತ್ತಾನೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲೂ ಇಲ್ಲ. ಸೈನ್ಯದಿಂದ ಓಡಿಸಲ್ಪಟ್ಟವನು ಎಂಬ ಮಾತು ಅವನಿಗಿಂತ ಮೊದಲೇ ಓಣಿಗೆ ಬಂದಿತ್ತು. ಜನ ಫ್ಯಾನು ಕೊಡುತ್ತಾರೆ, ಫ್ಯಾನು ಒಯ್ಯುತ್ತಾರೆ, ಕೂತು ಚಹಾ ಕುಡಿಯುವುದಿಲ್ಲ.

ಅಮೂ ಕೂಡ ನಿವೃತ್ತರಾಗಿ ಪಕ್ಕದ ಓಣಿಗೆ ಬಂದರು. ದರ್ಗಾದಲ್ಲಿ ಹರಕೆ ಹೊತ್ತಿದ್ದರಂತೆ: ಬದುಕಿರುವವರೆಗೆ ಪ್ರತಿ ಆಶೂರಾಕ್ಕೆ ಬೀದಿಯಲ್ಲಿ ದೊಡ್ಡ ಹಂಡೆ ಏರಿಸಿ, ಬಂದವರಿಗೆಲ್ಲ ಅನ್ನ ಮತ್ತು ಬೇಳೆ ಮಾಂಸದ ಗೈಮೆ ಬಡಿಸುವುದೆಂದು. ಮೊದಲ ವರ್ಷವೇ ಸಾಲಿನಲ್ಲಿ ಫರಾಮರ್ಜ್ ಬಂದು ನಿಂತ, ಕೈಯಲ್ಲಿ ಅದೇ ಅಲ್ಯೂಮಿನಿಯಂ ಬಟ್ಟಲು. ಅವನ ಸರದಿ ಬಂದಾಗ ಅಮೂ ಸೌಟನ್ನು ಅಳಿಯನ ಕೈಗೆ ಕೊಟ್ಟು, ನೀರು ತರುವ ನೆಪದಲ್ಲಿ ಒಳಗೆ ಹೋದರು. ಮರುವರ್ಷವೂ ಹಾಗೇ. ಅದರ ಮರುವರ್ಷವೂ.

"ನಾಚಿಕೆ ಆಗಲ್ವೇನೋ ನಿನಗೆ? ಮುಖ ತಿರುಗಿಸಿಕೊಂಡು ಹೋಗೋರ ಮುಂದೆ ಪ್ರತಿವರ್ಷ ಬಟ್ಟಲು ಹಿಡೀತೀಯಲ್ಲ!" ಎಂದು ನಾನು ರೇಗಿದೆ.

ಅವನು ಬಿಚ್ಚಿದ ಫ್ಯಾನಿನ ಮೇಲೆ ಬಗ್ಗಿದ್ದ. "ಆ ದೀಪ ನೆನಪಿದೆಯಾ?" ಎಂದ. "ಎಷ್ಟು ಕರೆದರೂ ಆಚೆಯಿಂದ ಉತ್ತರ ಇಲ್ಲ. ಆದರೂ ನಿಲ್ಲಿಸಲಿಲ್ಲ. ಕೆಟ್ಟದ್ದೇ ಅದು, ನನ್ನ ಮನೆ ಹಾಳು ಮಾಡ್ತು. ಆದರೂ ಕೆಲವು ಸಲ ಅದು ನೆನಪಾದರೆ ಪಾಪ ಅನ್ನಿಸುತ್ತೆ."

ಒಂದು ದಿನ ತಡೆಯಲಾರದೆ ನಾನೇ ಅಮೂ ಮನೆಗೆ ಹೋದೆ. ಹೇಳಿಯೇ ಬಿಡುವುದೆಂದು ಹೋದವನು. ಕೂತೆ, ಚಹಾ ಬಂತು. ಅಮೂ ಗೋಡೆಯ ಮೇಲಿನ ಗುಮ್ಮಟದ ಚಿತ್ರ ತೋರಿಸಿ, "ಖುದಾದಾದ್, ನನ್ನ ಜೀವನದಲ್ಲಿ ಒಲೆ ಬಿಟ್ಟು ಏನಿತ್ತು ಹೇಳು. ಆ ಹೊಸ್ತಿಲ ಮೇಲೆ ಕೈ ಇಟ್ಟೆನಲ್ಲ, ಆ ಕೈ ಇದು" ಎಂದು ಬಲಗೈ ಚಾಚಿದರು. "ಅಲ್ಲಿಂದ ತಂದ ಪದಕ್ಕೆ ಅವತ್ತು ಗುಡ್ಡವೇ ಅತ್ತಿತು. ನೆನಪಿದೆಯಾ? ಅದೊಂದು ಸಾಕು ನನಗೆ. ಆ ಮುಠ್ಠಾಳ ಅದನ್ನ ಕಳೀದೆ ಇದ್ದಿದ್ರೆ..." ಎಂದು ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು.

ನೆನಪಿದೆ ಅಮೂ ಎಂದೆ. ಚಹಾ ಕುಡಿದು ಎದ್ದುಬಂದೆ. ದಾರಿಯಲ್ಲಿ ನನಗೆ ಅಳು ಬಂತು, ಅಳುತ್ತಲೇ ಮನೆ ಸೇರಿದೆ.

ಹೋದ ಮೊಹರಂ ಹೊತ್ತಿಗೆ, ಅದೇ ಅಮೂ ಪಾಲಿಗೆ ಕೊನೆಯದಾಯಿತು, ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದಿತ್ತು. ಆದರೂ ಸೌಟು ಬಿಡಲೊಲ್ಲರು. ಹಂಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಮುಂದೆ ಬಂದ ಪಾತ್ರೆಯ ಅಂಚನ್ನು ಎಡಗೈಯಿಂದ ತಡವಿ, ಬಲಗೈಯಿಂದ ಬಡಿಸುತ್ತಿದ್ದರು. ಸೆಕೆ ಬೆಂಕಿಯಂತಿತ್ತು. ಸಾಲು ಓಣಿಯ ತಿರುವಿನವರೆಗೆ ಹಬ್ಬಿತ್ತು. ಫರಾಮರ್ಜ್ ನನ್ನ ಮುಂದೆ ನಿಂತಿದ್ದ. ಅಮೂ ಈಗ ಯಾರನ್ನೂ ನೋಡಿ ಒಳಗೆ ಹೋಗುವಂತಿರಲಿಲ್ಲ.

ಅವನ ಸರದಿ ಬಂತು. ಅವನು ಮಾತಾಡದೆ ಬಟ್ಟಲು ಮುಂದೆ ಹಿಡಿದ. ಅಮೂ ಕೈ ಅಂಚಿನ ಮೇಲೆ ಹರಿದು ಹಿಡಿಗೆ ಬಂತು. ತಾವೇ ಸುತ್ತಿದ್ದ ತಾಮ್ರದ ತಂತಿಯ ಮೇಲೆ ನಿಂತಿತು. ಬೆರಳು ಒಂದೊಂದೇ ಸುತ್ತನ್ನು ತಡವಿದವು. ಹಿಂದಿನಿಂದ ಯಾರೋ, "ಬೇಗ ಆಗ್ಲಿ ಕರ್ಬಲಾಯಿ, ಬಿಸಿಲು!" ಎಂದರು. ಅಮೂ ಕ್ಯಾರೇ ಎನ್ನಲಿಲ್ಲ.

"ಸಿಕ್ಕಿತೇನೋ ಅದು?" ಎಂದು ಕೇಳಿದರು.

ಹೇಳಿಬಿಡೋ ಎಂದು ಮನಸ್ಸಿನಲ್ಲೇ ಕೂಗಿದೆ. ಈಗ ಯಾವ ಮೇಜರೂ ಬರುವುದಿಲ್ಲ, ಹೇಳಿದರೆ ಈ ಮುದುಕ ಎದ್ದು ನಿನ್ನನ್ನು ತಬ್ಬಿಕೊಳ್ಳುತ್ತಾರೆ. ಫರಾಮರ್ಜ್ ಬಾಯಿ ತೆರೆದ. ಅವನ ಕಣ್ಣು ಹೊಸ್ತಿಲು ಮುಟ್ಟಿದ ಆ ಬಲಗೈಯ ಮೇಲಿತ್ತು.

"ಇಲ್ಲ ಅಮೂ" ಎಂದ. "ಹುಡುಕ್ತಾ ಇದ್ದೀನಿ."

ಅಮೂ ತಲೆಯಾಡಿಸಿದರು. ಸೌಟನ್ನು ಹಂಡೆಯ ತಳಕ್ಕೆ ಇಳಿಸಿ, ಮಾಂಸದ ತುಂಡುಗಳನ್ನು ಆರಿಸಿ ಎತ್ತಿ, ಬಟ್ಟಲು ತುಳುಕುವಷ್ಟು ಬಡಿಸಿದರು.

"ಹುಡುಕು. ಎಲ್ಲಿ ಹೋಗುತ್ತೆ, ಸಿಗುತ್ತೆ" ಎಂದರು. ಆಮೇಲೆ, "ಬಿಸಿ ಇದೆ. ಬಟ್ಟೆ ಹಿಡಿದುಕೋ."

ಫರಾಮರ್ಜ್ ಬಟ್ಟೆ ತಂದಿರಲಿಲ್ಲ. ಬರಿಗೈಯಲ್ಲೇ ಬಟ್ಟಲು ಹಿಡಿದು, ಅಂಗೈ ಸುಡುತ್ತಿದ್ದರೂ ಕೆಳಗಿಡದೆ, ಮನೆಯವರೆಗೂ ನಡೆದುಕೊಂಡು ಹೋದ.